ಹಿಂದಿಕ್ಕದ ಮೇಷ್ಟ್ರು

ಬೈಕ್ ಓಡಿಸುವಾಗ ಮುಂದಿನ ಗಾಡಿಯನ್ನು ಹೇಗೆ ಹಿಂದಿಕ್ಕಬೇಕು ಎಂಬ ಪಾಠವನ್ನು ಮೇಷ್ಟ್ರಷ್ಟು ಚೆನ್ನಾಗಿ ಹೇಳಿಕೊಡುವವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಬೇರೆ ಡ್ರೈವಿಂಗ್ ಸ್ಕೂಲಿನವರು ಕ್ಲಚ್ಚು, ಗೇರು, ಎಂಟರ ಆಕಾರದಲ್ಲಿ ಒಂದು ಸುತ್ತು ಎಂದು ಮುಗಿಸಿ ಕೈತೊಳೆದುಕೊಂಡರೆ, ಮೇಷ್ಟ್ರು ಓವರ್‌ಟೇಕ್ ಒಂದಕ್ಕೇ ಒಂದು ವಾರ ಮೀಸಲಿಡುತ್ತಿದ್ದರು. ಅದನ್ನು ಕೇಳಲೆಂದೇ ಆಗಲೇ ಲೈಸೆನ್ಸ್ ಇದ್ದವರೂ ಬಂದು ಬಾಗಿಲ ಬಳಿ ನಿಲ್ಲುವುದಿತ್ತು.

ಮನೆಯ ಮುಂದಿನ ಕೋಣೆಯೇ ಶಾಲೆ. ಕಿಟಕಿಯ ಕೆಳಗೆ ಸಾಲಾಗಿ ಹೆಲ್ಮೆಟ್ಟುಗಳು. ಹತ್ತಾರು ತಲೆಗಳ ಬೆವರು ಕುಡಿದ ಅವುಗಳಿಗೆ ಮೇಷ್ಟ್ರ ಹೆಂಡತಿ ದಿನಾ ಬೆಳಿಗ್ಗೆ ಮುಖಕ್ಕೆ ಹಚ್ಚುವ ಪೌಡರು ಉದುರಿಸುತ್ತಿದ್ದಳು. ನಡುವಿನ ಮೇಜಿನ ಮೇಲೆ ರಸ್ತೆ ಬರೆದ ಒಂದು ರಟ್ಟು. ಚಪ್ಪಲಿಯ ಡಬ್ಬ ಲಾರಿ, ಸೋಪಿನ ಪೆಟ್ಟಿಗೆ ಕಾರು, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪು ಬೈಕು.

"ಈ ಕ್ಲಿಪ್ಪು ಯಾರು? ನೀವು. ಲಾರಿ ಬಾಲಕ್ಕೆ ಅಂಟ್ಕೊಂಡು ಹೋದ್ರೆ ನಿಮಗೆ ಏನು ಕಾಣುತ್ತೆ? ಲಾರಿ ಬಾಲ. ಮೊದ್ಲು ಹಿಂದಕ್ಕೆ ಸರೀರಿ. ಡ್ರೈವರ್ ಮುಖ ಅವನ ಕನ್ನಡೀಲಿ ನಿಮಗೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ, ಅವನ ಪಾಲಿಗೆ ನೀವಿನ್ನೂ ಹುಟ್ಟೇ ಇಲ್ಲ."

ಎಲ್ಲರೂ ನಗುತ್ತಿದ್ದರು. ಮೇಷ್ಟ್ರು ನಗುತ್ತಿರಲಿಲ್ಲ. ಕ್ಲಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಲಕ್ಕೆ ತರುತ್ತಿದ್ದರು.

"ದಾಟೋದು ನಿಜವಾಗ್ಲೂ ಬೇಕಾ? ಮುಂದಿನ ರಸ್ತೆ ಪೂರ್ತಿ ಕಾಣುತ್ತಾ? ದಾಟಿದ್ಮೇಲೆ ವಾಪಸ್ ಸೇರ್ಕೊಳ್ಳೋಕೆ ಜಾಗ ಇದ್ಯಾ? ಹಿಂದಿನವನು ಆಗ್ಲೇ ನಿಮ್ಮನ್ನ ದಾಟೋಕೆ ಹೊರಟಿದ್ದಾನಾ? ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಕತ್ತು ತಿರುಗ್ಸಿ ಭುಜದ ಮೇಲಿಂದ ಇನ್ನೊಂದ್ಸಲ ನೋಡಿ. ಗೇರ್ ಇಳಿಸೋದು ಹೊರಡೋಕೆ ಮುಂಚೆ, ಲಾರಿ ಪಕ್ಕ ಹೋದ್ಮೇಲಲ್ಲ. ಅನುಮಾನ ಇದ್ರೆ ಮೊದ್ಲೇ ಪಡಿ. ಹೊರಟ್ಮೇಲೆ ಅನುಮಾನ ಪಡೋಕೆ ಪುರುಸೊತ್ತಿರಲ್ಲ."

ಕ್ಲಿಪ್ಪು ಚಪ್ಪಲಿ ಡಬ್ಬವನ್ನು ದಾಟಿ, ಡಬ್ಬ ಪೂರ್ತಿ ಹಿಂದಾದ ಮೇಲಷ್ಟೇ ಎಡಕ್ಕೆ ಸರಿದು ಸಾಲು ಸೇರುತ್ತಿತ್ತು. ನೋಡುವವರಿಗೆ ತಾವೇ ದಾಟಿ ಬಂದಷ್ಟು ಸಮಾಧಾನ.

ಇಷ್ಟೆಲ್ಲ ಬಲ್ಲ ಮೇಷ್ಟ್ರು ರಸ್ತೆಯ ಮೇಲೆ ಒಂದು ಸೈಕಲ್ಲನ್ನು ಹಿಂದಿಕ್ಕಿ ಎಷ್ಟೋ ವರ್ಷಗಳಾಗಿದ್ದವು.

ಕಾರಣ ಕೇಳಿದರೆ ಯಾರಾದರೂ ನಕ್ಕಾರು. ಒಂದು ಮಧ್ಯಾಹ್ನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಮರದ ದಿಮ್ಮಿ ಹೇರಿದ ಲಾರಿಯೊಂದನ್ನು ದಾಟಲು ಹೊರಬಂದಿದ್ದರು. ಎದುರಿಗೆ ಬಸ್ಸು. ಎಲ್ಲಿತ್ತೋ, ಹೇಗೆ ಬಂತೋ, ರಸ್ತೆಯ ತಗ್ಗಿನಿಂದ ಎದ್ದು ಬಂದಂತೆ ಬಂತು. ಮೇಷ್ಟ್ರು ಬ್ರೇಕು ಒತ್ತಿ ಮತ್ತೆ ಲಾರಿಯ ಹಿಂದಕ್ಕೆ ನುಸುಳಿದರು. ಬಸ್ಸು ಬುಸ್ಸೆಂದು ಹೋಯಿತು. ಅಷ್ಟೇ. ಯಾರಿಗೂ ಒಂದು ಗೀರೂ ಬೀಳಲಿಲ್ಲ, ಹೆಂಡತಿ ಕಿಟಕಿಯ ಪರದೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಹೇಳುತ್ತಿದ್ದವಳು ಮಾತು ಕೂಡ ನಿಲ್ಲಿಸಲಿಲ್ಲ.

ಕಾಲು ಮುರಿದಿದ್ದರೆ, ಕನಿಷ್ಠ ಕೈಗೊಂದು ಕಟ್ಟು ಬಿದ್ದಿದ್ದರೆ, ಊರಿಗೆಲ್ಲ ಹೇಳಿಕೊಂಡು ಗೌರವವಾಗಿ ಹೆದರಬಹುದಿತ್ತು. ಏನೂ ಆಗದೆ ಹೋದದ್ದಕ್ಕೆ ಹೆದರುವುದು ಹೇಗೆ? ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರು. ಆದರೆ ಅಂದಿನಿಂದ ಮುಂದೆ ಗಾಡಿ ಕಂಡರೆ ಆಕ್ಸಿಲರೇಟರ್ ಹಿಡಿದ ಬಲಗೈ ತಾನಾಗಿ ಸಡಿಲಾಗುತ್ತಿತ್ತು. ಆಮೇಲೆ ಅವರು ಬದುಕನ್ನೇ ಅದಕ್ಕೆ ಹೊಂದಿಸಿಕೊಂಡರು. ಎಲ್ಲಿಗೆ ಹೋಗುವುದಿದ್ದರೂ ಬೇಗ ಹೊರಡುವರು. ಗಾಡಿ ಕಡಿಮೆ ಇರುವ ಸುತ್ತುಬಳಸಿನ ದಾರಿ ಹಿಡಿಯುವರು. ಮುಂದೆ ಟ್ರ್ಯಾಕ್ಟರ್ ಸಿಕ್ಕಿದರೆ ಇಳಿದು ಚಹಾ ಕುಡಿಯುವರು. ಹಾಗೆ ಆ ರಸ್ತೆಯ ಚಹಾ ಅಂಗಡಿಯವರಿಗೆಲ್ಲ ಅವರ ಪರಿಚಯವಾಗಿ, 'ನಿರಾಳ ಮನುಷ್ಯ, ಅವಸರವೇ ಇಲ್ಲ' ಎಂಬ ಹೆಸರೂ ಬಂದಿತ್ತು.

ವಿದ್ಯಾರ್ಥಿಗಳನ್ನು ರಸ್ತೆಗೆ ಕರೆದೊಯ್ಯುವ ಕೆಲಸ ನಾದಿನಿಯದು. ಅವಳು ಕೊರಿಯರ್ ಕಂಪನಿಯಲ್ಲಿದ್ದಳು. ಬೆಳಗಿನಿಂದ ಸಂಜೆಯವರೆಗೆ ಬೆನ್ನಿಗೊಂದು ಚೀಲ ನೇತುಹಾಕಿಕೊಂಡು ಊರಿಡೀ ಬೈಕಿನಲ್ಲಿ ಸುತ್ತುವವಳು. ಅವಳಿಗೆ ಬೈಕ್ ಕಲಿಸಿದ್ದೂ ಮೇಷ್ಟ್ರೇ. "ನನ್ನ ಮಂಡಿ ಯಾಕೋ ಸರಿ ಇಲ್ಲಮ್ಮ, ರಜಾ ದಿನ ನೀನೇ ಇವರನ್ನ ಒಂದು ರೌಂಡು ಕರ್ಕೊಂಡು ಹೋಗು" ಎಂದು ಒಮ್ಮೆ ಅಂದದ್ದು ಹಾಗೇ ಕಾಯಂ ಆಗಿತ್ತು. ಮಂಡಿಗೆ ಎಣ್ಣೆ ತಂದುಕೊಟ್ಟವಳೂ ಅವಳೇ. ಮೇಷ್ಟ್ರು ಚೆನ್ನಾಗಿದ್ದ ಮಂಡಿಗೆ ವಾರಕ್ಕೊಮ್ಮೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ಹೀಗಿರುವಾಗ ಸಾರಿಗೆ ಕಚೇರಿಯ ಸಾಹೇಬರು ಮನೆಗೇ ಬಂದರು. ರಸ್ತೆ ಸುರಕ್ಷತೆಯ ಸಪ್ತಾಹ. ಪ್ರತಿ ವರ್ಷ ಮಕ್ಕಳ ಕೈಗೆ ಫಲಕ ಕೊಟ್ಟು ನಡೆಸಿ ಅವರಿಗೂ ಸಾಕಾಗಿತ್ತು.

"ಈ ಸಲ ಪ್ರಾತ್ಯಕ್ಷಿಕೆ ಮಾಡೋಣ ಮೇಷ್ಟ್ರೇ. ಕಾಲುವೆ ಪಕ್ಕದ ರಸ್ತೆ, ನಿಜವಾದ ಟ್ರಾಫಿಕ್ಕು. ನೀವು ಬೈಕಲ್ಲಿ ಮುಂದೆ, ನಾವು ಪತ್ರಿಕೆಯವರನ್ನ, ಕ್ಯಾಮೆರಾದವರನ್ನ ಕರ್ಕೊಂಡು ಜೀಪಲ್ಲಿ ಹಿಂದೆ. ನೀವು ಒಂದೇ ಒಂದು ಗಾಡಿನ ಕ್ರಮವಾಗಿ ಓವರ್‌ಟೇಕ್ ಮಾಡಿ ತೋರ್ಸಿ, ಸಾಕು."

"ನನ್ನ ಮಂಡಿ..." ಎಂದು ಮೇಷ್ಟ್ರು ಶುರುಮಾಡಿದರು.

"ಮಂಡಿಗೂ ಓವರ್‌ಟೇಕಿಗೂ ಏನು ಸಂಬಂಧ? ನೀವೇನು ಓಡ್ಕೊಂಡು ಹೋಗಿ ದಾಟ್ತೀರಾ?" ಸಾಹೇಬರು ತಮ್ಮ ಮಾತಿಗೆ ತಾವೇ ನಕ್ಕು, ಚಹಾ ಮುಗಿಸಿ ಹೊರಟೇಹೋದರು.

ಪ್ರಾತ್ಯಕ್ಷಿಕೆಯ ದಿನ ಮೇಷ್ಟ್ರು ಬೈಕ್ ಏರಿ ಮುಂದೆ ಹೊರಟರು. ಕಾಲುವೆಯ ರಸ್ತೆ ಗೆರೆ ಎಳೆದಂತೆ ನೇರ, ಎದುರಿಗೆ ನರಪಿಳ್ಳೆ ಇಲ್ಲ. ಮುಂದೆ ಕಾಂಕ್ರೀಟು ಕಲೆಸುವ ಒಂದು ದೊಡ್ಡ ಲಾರಿ, ಬೆನ್ನ ಮೇಲಿನ ಡ್ರಮ್ಮನ್ನು ಗರಗರ ತಿರುಗಿಸಿಕೊಂಡು ಬಸುರಿಯ ಹಾಗೆ ಸಾಗುತ್ತಿತ್ತು. ಕ್ಲಿಪ್ಪಿಗೆ ಇದಕ್ಕಿಂತ ಒಳ್ಳೆಯ ಡಬ್ಬ ಸಿಗುವುದುಂಟೇ? ಮೇಷ್ಟ್ರು ಕನ್ನಡಿ ನೋಡಿದರು. ಇಂಡಿಕೇಟರ್ ಹಾಕಿದರು. ಕತ್ತು ತಿರುಗಿಸಿ ನೋಡಿದರು. ಜೀಪಿನಲ್ಲಿದ್ದವರು ಉಸಿರು ಬಿಗಿಹಿಡಿದರು.

ಮೇಷ್ಟ್ರು ಹೋಗಲಿಲ್ಲ. ಇನ್ನೊಮ್ಮೆ ಕನ್ನಡಿ ನೋಡಿದರು, ಇನ್ನೊಮ್ಮೆ ಕತ್ತು ತಿರುಗಿಸಿದರು. ರಸ್ತೆ ಖಾಲಿಯಾಗಿಯೇ ಇತ್ತು. ಅದು ಖಾಲಿಯಿದ್ದಷ್ಟೂ ಅವರಿಗೆ ಅದರ ಮೇಲೆ ಗುಮಾನಿ ಹೆಚ್ಚಾಯಿತು. ಅಂದು ಬಸ್ಸು ಬರುವ ಮುಂಚೆಯೂ ಹೀಗೇ ಅಲ್ಲವೇ ಇದ್ದದ್ದು? ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಸೇತುವೆ ಬಂತು, ಹೋಯಿತು. ಪೆಟ್ರೋಲ್ ಬಂಕು ಬಂತು, ಹೋಯಿತು. ಲಾರಿಯ ಡ್ರೈವರ್ ಕೈ ಹೊರಗೆ ಚಾಚಿ 'ಹೋಗಪ್ಪಾ ಹೋಗು' ಎಂದು ಬೀಸಿದ, ಮತ್ತೆ ಬೀಸಿದ, ಆಮೇಲೆ ಕೈ ಎತ್ತಿ ಆಕಾಶಕ್ಕೆ ಏನೋ ಕೇಳಿಕೊಂಡ. ಕೊನೆಗೆ ಲಾರಿ ಎಡಕ್ಕೆ ತಿರುಗಿ ಕಟ್ಟಡ ಕಟ್ಟುತ್ತಿದ್ದ ಒಂದು ನಿವೇಶನದ ಗೇಟಿನೊಳಗೆ ಹೋಯಿತು. ಬಲ ಇಂಡಿಕೇಟರ್ ಮಿನುಗಿಸುತ್ತಲೇ ಮೇಷ್ಟ್ರೂ ಎಡಕ್ಕೆ ತಿರುಗಿ ಅದರ ಹಿಂದೆಯೇ ಒಳಗೆ ಹೋದರು. ಅವರ ಹಿಂದೆ ಜೀಪೂ ಹೋಯಿತು.

ಮರಳಿನ ಗುಡ್ಡೆಯ ಪಕ್ಕ ಎಲ್ಲರೂ ಇಳಿದು ನಿಂತರು. ಪತ್ರಿಕೆಯವರು ಸಾಹೇಬರ ಮುಖ ನೋಡಿದರು. ಸಾಹೇಬರ ಕಣ್ಣ ಮುಂದೆ ಮರುದಿನದ ಪತ್ರಿಕೆ ಹಾದುಹೋಯಿತು. ಅವರು ಇಪ್ಪತ್ತು ವರ್ಷ ಕಚೇರಿಯಲ್ಲಿ ಪಳಗಿದ ಮನುಷ್ಯ. ಗಂಟಲು ಸರಿಮಾಡಿಕೊಂಡು, ಮುಂದೆ ಬಂದು, ಚಪ್ಪಾಳೆ ತಟ್ಟಿದರು.

"ನೋಡಿದ್ರಾ? ಇದಪ್ಪಾ ಪ್ರಾತ್ಯಕ್ಷಿಕೆ! ದಾಟೋದನ್ನ ಯಾರು ಬೇಕಾದ್ರೂ ತೋರಿಸ್ತಾರೆ. ಅವಕಾಶ ಇದ್ದೂ ದಾಟದೆ ಇರೋದನ್ನ ಯಾರಾದ್ರೂ ತೋರ್ಸಿದ್ದಾರಾ? ಅವಸರ ಅನ್ನೋದನ್ನ ಗೆದ್ದಿದ್ದಾರೆ ನಮ್ಮ ಮೇಷ್ಟ್ರು!"

ಪತ್ರಿಕೆಯವರು ಬರೆದುಕೊಂಡರು. ಕಾಂಕ್ರೀಟು ಲಾರಿಯ ಡ್ರೈವರ್ ಒಬ್ಬನೇ ಚಪ್ಪಾಳೆ ತಟ್ಟಲಿಲ್ಲ.

ಮರುದಿನ ಪತ್ರಿಕೆಯಲ್ಲಿ ಮೇಷ್ಟ್ರ ಫೋಟೋ. ಕೆಳಗೆ, ಸಪ್ತಾಹದ ಕೊನೆಯ ದಿನ ಅವರಿಗೆ 'ಆದರ್ಶ ಸವಾರ' ಪ್ರಶಸ್ತಿ ಎಂಬ ಸುದ್ದಿ. ಅಂದೇ ಶಾಲೆಗೆ ಹೊಸಬರು ನುಗ್ಗಿದರು. ಸೇರಿಸಲು ಬಂದವರೆಲ್ಲ ತಾಯಂದಿರು. "ನಮ್ಮವನಿಗೂ ಅದೇ ಕಲಿಸ್ಬಿಡಿ ಸಾರ್. ಯಾವ ಗಾಡಿನೂ ದಾಟ್ಬಾರ್ದು, ಜೀವನಪರ್ಯಂತ" ಎಂದು ಒಬ್ಬಾಕೆ ಕಣ್ಣಲ್ಲಿ ನೀರು ತಂದುಕೊಂಡಳು. ಮೇಷ್ಟ್ರು ತಲೆಯಾಡಿಸಿದರು. ಕ್ಲಿಪ್ಪನ್ನು ಕೈಗೆ ತೆಗೆದುಕೊಂಡರೆ ಈಗ ಅದನ್ನು ಎತ್ತ ಸರಿಸಬೇಕೋ ತಿಳಿಯಲಿಲ್ಲ.

ಸಂಜೆ ನಾದಿನಿ ಬಂದಳು. ಹೆಲ್ಮೆಟ್ ತೆಗೆಯುವ ಮುಂಚೆಯೇ ಕೇಳಿದಳು.

"ಭಾವ, ನಿನ್ನೆ ಹೆದರ್ಕೊಂಡ್ರಿ ಅಲ್ವಾ?"

"ಏನು ಮಾತು ಅಂತ ಆಡ್ತೀಯ! ಅದು ಸಂಯಮ. ಪೇಪರ್ ನೋಡು."

"ಪೇಪರ್ ನೋಡ್ದೆ. ಫೋಟೋದಲ್ಲಿ ನಿಮ್ಮ ಮುಖಾನೂ ನೋಡ್ದೆ. ಸಂಯಮದೋರ ಮುಖ ಹಂಗಿರಲ್ಲ. ಹಲ್ಲು ಕೀಳಿಸ್ಕೊಳ್ಳೋಕೆ ಕೂತೋರ ಮುಖ ಹಂಗಿರುತ್ತೆ."

ಮೇಷ್ಟ್ರು ಸಹಾಯಕ್ಕಾಗಿ ಹೆಂಡತಿಯತ್ತ ತಿರುಗಿದರು. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ದಿಮ್ಮಿ ಲಾರಿ ದಿನದಿಂದ ಹಿಂಗೇ ಕಣೇ. ಬಸ್ಸು ಬಂತಲ್ಲ, ಅವತ್ತಿಂದ."

ಮೇಷ್ಟ್ರಿಗೆ ನೆಲ ಕುಸಿದಂತಾಯಿತು. "ನೀನು... ನೀನು ಪರದೆ ಬಗ್ಗೆ ಮಾತಾಡ್ತಿದ್ದೆ!"

"ಮತ್ತೇನು ಮಾಡ್ಲಿ? ನಾನೂ ಕಿರುಚ್ಕೊಂಡಿದ್ರೆ ನೀವು ಅಲ್ಲೇ ಕೈಬಿಡ್ತಿದ್ರಿ. ಏನು ಬಾಯಿಗೆ ಬಂತೋ ಅದನ್ನೇ ಹೇಳ್ತಾ ಹೋದೆ. ಹಳದಿ ಪರದೆ ಅಂದೆ. ನೀವು ಆಮೇಲೆ ಹಳದೀನೇ ತಂದ್ರಿ. ನಂಗೆ ಹಳದಿ ಅಂದ್ರೆ ಆಗಲ್ಲ." ಅವಳು ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ಎಲ್ಲಿಗೂ ಬೇಗ ಹೊರಡೋಣ ಅಂತ ನಾನ್ಯಾಕೆ ಯಾವಾಗ್ಲೂ ಅವಸರ ಮಾಡ್ತೀನಿ ಅಂದ್ಕೊಂಡಿದ್ರಿ? ನೀವಾಗೇ ಹೇಳ್ತೀರಿ ಅಂತ ಸುಮ್ನಿದ್ದೆ."

ಕಿಟಕಿಯಲ್ಲಿ ಹಳದಿ ಪರದೆ ಗಾಳಿಗೆ ಆಡುತ್ತಿತ್ತು.

"ಹಂಗಾದ್ರೆ ಮಂಡಿ?" ಎಂದಳು ನಾದಿನಿ.

"ಮಂಡಿ ಚೆನ್ನಾಗೇ ಇದೆ" ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

ನಾದಿನಿ ಸೊಂಟದ ಮೇಲೆ ಕೈಯಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆಂದು ಮೇಷ್ಟ್ರು ಕಾದರು. ಅವಳು, "ನಾಳೆ ಬೆಳಿಗ್ಗೆ ರೆಡಿ ಇರಿ. ಮೊದಲನೇ ಪಾಠ" ಎಂದು ಹೆಲ್ಮೆಟ್ ಹಾಕಿಕೊಂಡು ಹೋದಳು.

ಮೊದಲ ದಿನ ಅವರು ದಾಟಿದ್ದು ರಸ್ತೆಬದಿಯಲ್ಲಿ ನಿಂತಿದ್ದ ಒಂದು ವ್ಯಾನನ್ನು.

"ನಿಂತ ಗಾಡಿ ದಾಟೋಕೆ ಬರ್ಬೇಕಿತ್ತಾ?" ಎಂದು ಮೇಷ್ಟ್ರು ಸಿಡುಕಿದರು.

"ನಿಂತ ಗಾಡೀನೂ ಗಾಡೀನೇ, ಯಾವಾಗ ಬಾಗಿಲು ತೆಗೀತಾರೋ ಗೊತ್ತಿಲ್ಲ, ಜಾಗ ಬಿಟ್ಟು ದಾಟಿ. ಹಿಂಗಂತ ನಂಗೆ ಹೇಳಿದ್ದು ಯಾರು?"

"ನಾನು."

"ಮತ್ತೆ ಕತ್ತು ತಿರುಗಿಸ್ಲಿಲ್ಲ ನೀವು. ವಾಪಸ್ ಬನ್ನಿ. ಇನ್ನೊಂದ್ಸಲ."

ಎರಡನೆಯ ದಿನ ರೋಡ್ ರೋಲರು. ಮೂರನೆಯ ದಿನ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲು. ನಾದಿನಿ ಹಿಂದೆ ತನ್ನ ಬೈಕಿನಲ್ಲಿ ಬರುತ್ತ ಮೇಷ್ಟ್ರದೇ ಮಾತುಗಳನ್ನು ಅವರದೇ ರಾಗದಲ್ಲಿ ಕೂಗುತ್ತಿದ್ದಳು. ತಾವು ಹೇಳಿದ್ದು ಇಷ್ಟು ಕಿರಿಕಿರಿ ಎಂದು ಮೇಷ್ಟ್ರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇಷ್ಟು ಸರಿ ಎಂದೂ ಗೊತ್ತಿರಲಿಲ್ಲ. ದಿಮ್ಮಿ ಲಾರಿಯ ದಿನ ತಾವು ಮಾಡಿದ ತಪ್ಪೇನೆಂದು ಅವರಿಗೆ ಸೈಕಲ್ಲಿನ ಹಿಂದೆಯೇ ಹೊಳೆದದ್ದು. ಅಂದು ಅವರು ಲಾರಿಯ ಬಾಲಕ್ಕೆ ಅಂಟಿಕೊಂಡಿದ್ದರು. ಮುಂದಿನ ತಗ್ಗು ಕಂಡಿರಲೇ ಇಲ್ಲ. ಬಸ್ಸು ಎಲ್ಲಿಂದಲೋ ಬಂದಿರಲಿಲ್ಲ, ಅದು ಬರುವ ದಾರಿಯಲ್ಲೇ ಬಂದಿತ್ತು. ಇಷ್ಟು ವರ್ಷ ಪಾಠ ಹೇಳುತ್ತಿದ್ದದ್ದು ಆ ಒಂದು ಮಧ್ಯಾಹ್ನದ ತಮಗೇ ಎಂದು ಅನ್ನಿಸಿ ಒಬ್ಬರೇ ಹೆಲ್ಮೆಟ್ಟಿನೊಳಗೆ ನಕ್ಕರು. ಕೈ ಮಾತ್ರ ಇನ್ನೂ ಪೂರ್ತಿ ನಂಬಿರಲಿಲ್ಲ. ಕಾರು, ಲಾರಿ ಎಂದರೆ ಈಗಲೂ ಸಡಿಲಾಗುತ್ತಿತ್ತು.

ಪ್ರಶಸ್ತಿಯ ದಿನ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮೇಷ್ಟ್ರು ಹೊರಟರು. ಅಂದು ಅವಳು ಬೇಗ ಹೊರಡಿಸಲಿಲ್ಲ. ಬೇಕೆಂದೇ ತಡಮಾಡಿದಳೋ, ಕಿವಿಯೋಲೆ ನಿಜವಾಗಿಯೂ ಸಿಗಲಿಲ್ಲವೋ, ಮೇಷ್ಟ್ರು ಕೇಳಲಿಲ್ಲ.

ಊರ ಹೊರಗಿನ ಅಗಲ ರಸ್ತೆಯಲ್ಲಿ ಮುಂದೆ ಒಂದು ಕಪ್ಪು ಕಾರು. ಹೊಳೆಯುವ ಉದ್ದನೆಯ ಕಾರು, ಆಮೆಯ ನಡಿಗೆ. ಮೇಷ್ಟ್ರು ಅದರ ಹಿಂದೆ ಸ್ವಲ್ಪ ದೂರ ಹೋದರು. ಕಾರ್ಯಕ್ರಮಕ್ಕೆ ತಡವಾಗುತ್ತಿತ್ತು. ಹಿಂದಿನಿಂದ ಹೆಂಡತಿ ಏನಾದರೂ ಹೇಳುವಳೇ ಎಂದು ಕಾದರು. ಅವಳು ಒಂದು ಕೈ ತಂದು ಅವರ ಭುಜದ ಮೇಲಿಟ್ಟಳು.

ಮೇಷ್ಟ್ರು ಹಿಂದೆ ಸರಿದರು. ಕಾರಿನ ಕನ್ನಡಿಯಲ್ಲಿ ಡ್ರೈವರನ ಮುಖ ಕಂಡಿತು. ರಸ್ತೆ ದೂರದವರೆಗೆ ತೆರೆದು ಬಿದ್ದಿತ್ತು, ತಗ್ಗಿಲ್ಲ, ತಿರುವಿಲ್ಲ, ಅಡ್ಡರಸ್ತೆಯಿಲ್ಲ. ಕಾರಿನ ಮುಂದೆ ಸೇರಿಕೊಳ್ಳಲು ಬೇಕಾದಷ್ಟು ಜಾಗ. ಕನ್ನಡಿ. ಇಂಡಿಕೇಟರು. ಭುಜದ ಮೇಲಿಂದ ಒಂದು ನೋಟ. ಹೆಂಡತಿಯ ಮುಖವೂ ಅದೇ ನೋಟದಲ್ಲಿ ಸಿಕ್ಕಿತು. ಗೇರು ಇಳಿಸಿದರು. ಎದೆ ಡವಡವ ಎನ್ನುತ್ತಿತ್ತು. ಎನ್ನಲಿ ಎಂದು ಬಿಟ್ಟು ಹೊರಬಂದರು. ಒಮ್ಮೆ ಹಾರ್ನ್. ಕಾರಿನ ಹಿಂದಿನ ಕಿಟಕಿ, ಮುಂದಿನ ಕಿಟಕಿ, ದೀಪ, ಎಲ್ಲವೂ ಎಡಗಡೆಯಿಂದ ನಿಧಾನವಾಗಿ ಹಿಂದಕ್ಕೆ ಹೋದವು. ಕನ್ನಡಿಯಲ್ಲಿ ಇಡೀ ಕಾರು ಕಂಡ ಮೇಲೆ ಎಡಕ್ಕೆ ಬಂದರು.

ಹೆಂಡತಿ ಭುಜವನ್ನು ಒಮ್ಮೆ ಹಿಂಡಿದಳು. "ಪರದೆ ನೀಲಿ ಹಾಕೋಣ" ಎಂದಳು.

ಸಭಾಂಗಣದಲ್ಲಿ ಮೇಷ್ಟ್ರು ವೇದಿಕೆಯ ಮೇಲೆ ಕುಳಿತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಮುಖ್ಯ ಅತಿಥಿ, ನಿವೃತ್ತ ನ್ಯಾಯಾಧೀಶರು, ಮುಖ ಕೆಂಪಗೆ ಮಾಡಿಕೊಂಡು ಬಂದರು. ಅವರ ಹಿಂದೆಯೇ ಬಂದ ಸಾರಿಗೆ ಸಾಹೇಬರು ಕಾರಿನಲ್ಲಿ ಅವರ ಪಕ್ಕದಲ್ಲೇ ಕೂತು ಬಂದವರು. ಸಾಹೇಬರ ಕಣ್ಣು ಮೇಷ್ಟ್ರ ಮಡಿಲಿನಲ್ಲಿದ್ದ ಹೆಲ್ಮೆಟ್ಟಿನ ಮೇಲೆ ಬಿತ್ತು. ಶಾಲೆಯ ಹೆಸರು ಬರೆದ ಕಿತ್ತಳೆ ಬಣ್ಣದ ಹೆಲ್ಮೆಟ್ಟು. ಸಾಹೇಬರ ಮುಖದ ರಕ್ತ ಇಳಿದುಹೋಯಿತು. ಅವರು ಬಂದು ಹೆಲ್ಮೆಟ್ಟನ್ನು ಎತ್ತಿ ಕುರ್ಚಿಯ ಕೆಳಗೆ ತಳ್ಳಿದರು.

ಮುಖ್ಯ ಅತಿಥಿ ಮೈಕು ಹಿಡಿದರು. "ಈಗ ತಾನೇ, ಇಲ್ಲಿಗೆ ಬರುವ ದಾರಿಯಲ್ಲಿ, ಒಬ್ಬ ಬೈಕಿನವನು ನನ್ನ ಕಾರನ್ನೇ ಹಿಂದಿಕ್ಕಿಕೊಂಡು ಹೋದ! ನನ್ನ ಕಾರನ್ನು! ಹಾರ್ನ್ ಬೇರೆ! ಅಂಥವರ ನಡುವೆ ಇಂಥ ಒಬ್ಬರು ಇದ್ದಾರೆ" ಎಂದು ಮೇಷ್ಟ್ರತ್ತ ಕೈತೋರಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಮೇಷ್ಟ್ರು ಎದ್ದರು. ಸಾಹೇಬರು ಮೇಜಿನ ಕೆಳಗೆ ಅವರ ಕಾಲನ್ನು ಒತ್ತಿದರು. ಮೇಷ್ಟ್ರು ಕಾಲು ಬಿಡಿಸಿಕೊಂಡರು.

"ಅದು ನಾನೇ ಸಾರ್. ಆ ಬೈಕಿನವನು. ಕಾರು ತುಂಬಾ ನಿಧಾನ ಹೋಗ್ತಿತ್ತು, ಮುಂದೆ ರಸ್ತೆ ಪೂರ್ತಿ ಕಾಣ್ತಿತ್ತು. ನಿಯಮದ ಪ್ರಕಾರನೇ ದಾಟ್ದೆ. ಅವತ್ತು ಕಾಂಕ್ರೀಟ್ ಲಾರಿ ದಾಟದೇ ಇದ್ದಿದ್ದು ಸಂಯಮ ಅಲ್ಲ. ಹೆದರಿಕೆ."

ಮುಖ್ಯ ಅತಿಥಿ ಕನ್ನಡಕ ತೆಗೆದು ಅವರನ್ನು ನೋಡಿದರು. ಸಾಹೇಬರು ಒಂದೇ ನೆಗೆತಕ್ಕೆ ಮೈಕು ಕಿತ್ತುಕೊಂಡರು.

"ಕೇಳಿದ್ರಾ? ಎಂಥ ದೊಡ್ಡ ಮನಸ್ಸು! ಯಾವನೋ ದಾರೀಲಿ ಹೋಗೋನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡು, ನಮ್ಮೆಲ್ಲರಿಗೂ ಬುದ್ಧಿ ಹೇಳ್ತಿದ್ದಾರೆ. ನಮ್ಮೊಳಗೂ ಅಂಥ ಒಬ್ಬ ಅವಸರದ ಬೈಕಿನವನು ಇದ್ದಾನೆ ಅಂತ!"

ಚಪ್ಪಾಳೆ ಮಾಡು ಹಾರಿಹೋಗುವಂತೆ ಎದ್ದಿತು. ಮುಖ್ಯ ಅತಿಥಿ ಕಣ್ಣೊರೆಸಿಕೊಂಡು ಮೇಷ್ಟ್ರನ್ನು ಅಪ್ಪಿಕೊಂಡರು. "ಇಂಥ ವಿನಯ ನಾನು ನೋಡೇ ಇಲ್ಲ" ಎಂದರು.

"ನಾನೇ ಸಾರ್, ನಿಜವಾಗ್ಲೂ" ಎಂದರು ಮೇಷ್ಟ್ರು ಅವರ ಹೆಗಲಿನಲ್ಲಿ ಮುಖ ಸಿಕ್ಕಿಕೊಂಡು.

"ಸಾಕು, ಸಾಕು. ನನ್ನ ಅಳಿಸಬೇಡಿ" ಎಂದರು ನ್ಯಾಯಾಧೀಶರು. ಜೀವಮಾನವಿಡೀ ತಪ್ಪೊಪ್ಪಿಗೆಗಳನ್ನು ಕೇಳಿದವರು.

ಮೂರನೆಯ ಸಾಲಿನಲ್ಲಿ ಹೆಂಡತಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅಲುಗಾಡುತ್ತಿದ್ದಳು. ಪಕ್ಕದಲ್ಲಿದ್ದ ಹೆಂಗಸು ಅವಳೂ ಅಳುತ್ತಿದ್ದಾಳೆಂದು ತಿಳಿದು ಬೆನ್ನು ಸವರಿದಳು.

ಮುಂದಿನ ರಜಾ ದಿನ ವಿದ್ಯಾರ್ಥಿಗಳನ್ನು ರಸ್ತೆಗೆ ಕರೆದೊಯ್ದವರು ಮೇಷ್ಟ್ರೇ. ಹಿಂದಿಕ್ಕುವುದನ್ನು ಕಲಿಸುತ್ತಾರಂತೆ ಎಂದು ಸುದ್ದಿ ತಿಳಿದ ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡು ಹೋಗಿದ್ದರು. ಉಳಿದವರು ನಾಲ್ಕೇ ಜನ. "ಬಿಡಿ ಭಾವ, ಸಾಲು ಚಿಕ್ಕದಾದ್ರೆ ನೋಡ್ಕೊಳ್ಳೋಕೆ ಸುಲಭ" ಎಂದು ನಾದಿನಿ ಕೊನೆಯಲ್ಲಿ ತನ್ನ ಬೈಕು ಸೇರಿಸಿದಳು.

ಗುಡ್ಡದ ದಾರಿಯಲ್ಲಿ ಮುಂದೆ ಇಟ್ಟಿಗೆ ಹೇರಿದ ಒಂದು ಲಾರಿ ಸಿಕ್ಕಿತು. ಮೇಷ್ಟ್ರು ವೇಗ ಇಳಿಸಿ ಹಿಂದೆ ಉಳಿದರು. ಸ್ವಲ್ಪ ದೂರ ಹೋದ ಮೇಲೆ ಎರಡನೆಯ ಬೈಕಿನಲ್ಲಿದ್ದ ದರ್ಜಿ, ಮದುವೆಯಾಗಿ ಮಕ್ಕಳಿದ್ದ ಮನುಷ್ಯ, ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ.

"ಹೆದರಿಕೆನಾ ಸಾರ್?"

"ಅಲ್ಲಪ್ಪ. ಮುಂದೆ ತಿರುವಿದೆ. ಆಚೆ ಏನಿದೆ ಕಾಣಲ್ಲ. ನೀನು ಪಕ್ಕ ಬರಬೇಡ, ಹಿಂದೆ ಹೋಗು."

ದರ್ಜಿ ಹಿಂದೆ ಸರಿದ. ಲಾರಿ ತಿಣುಕುತ್ತ ಏರು ಹತ್ತುತ್ತಿತ್ತು, ಇಟ್ಟಿಗೆಯ ಕೆಂಪು ಧೂಳು ಬಂದು ಅಂಗಿಯ ಮೇಲೆ ಕೂರುತ್ತಿತ್ತು. ಮೇಷ್ಟ್ರು ಅದರ ಹಿಂದೆ ಆರಾಮಾಗಿ ಹೋದರು. ಅವರ ಬಲಗೈ ಬಿಗಿಯೂ ಇರಲಿಲ್ಲ, ಸಡಿಲವೂ ಇರಲಿಲ್ಲ.